ಬ್ರಹ್ಮಾವರದವರೆಗೆ ಹೋದ ಪರಿಮಳ

ಗಂಗೊಳ್ಳಿಯ ನಮ್ಮ ಮನೆಯಲ್ಲಿ ನಾನು ಸಿಗಡಿ-ಬಟಾಟೆ ಸಾರು ಮಾಡಿದ ದಿನ, ಬ್ರಹ್ಮಾವರದವರು ಅದರ ಪರಿಮಳವನ್ನೇ ನೆಂಚಿಕೊಂಡು ತಲೆಗೆರಡು ಸೇರು ಅಕ್ಕಿಯ ಅನ್ನ ಉಂಡರು.

ಆ ವರ್ಷ ಮಹಾಯುದ್ಧ ಮುಗಿದಿತ್ತು. ನನ್ನ ಹೆಂಡತಿ ಸುಗಂಧಿಯ ಸೋದರತ್ತೆ ಮಗ ಸುಂದರ ಬೊಂಬಾಯಿಯ ಹೋಟೆಲು ಬಿಟ್ಟು ಬಂದು ನಮ್ಮ ಪಕ್ಕದ ಮನೆಯಲ್ಲಿದ್ದ. "ಸುಂದರನ್ ಚಟ್ಲಿ ಸಾರಂಗೆ ಬಟಾಟಿ ಬೆಣ್ಣೆ ಕಣಗಿರತ್ತ್" ಎಂದು ಸುಗಂಧಿ ಅವನ ಸಿಗಡಿ ಸಾರನ್ನೂ ಅದರಲ್ಲಿ ಬೆಣ್ಣೆಯಂತೆ ಬೆಂದ ಬಟಾಟೆಯನ್ನೂ ಮೂರು ಹೊತ್ತೂ ಹೊಗಳುವಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನನ್ನನ್ನು ಒಂದು ಸಲ ಹಾಗೆ ಹೊಗಳಿದ್ದರೆ ಕೇಳಿ! ನನ್ನ ಹೊಟ್ಟೆಯಲ್ಲಿ ಎದ್ದ ಉರಿಗೆ ಒಲೆಗೆ ಸೌದೆಯೇ ಬೇಕಾಗಲಿಲ್ಲ.

ಮೀನಿನ ಸಾರಿಗೆ ಹಾಕುವಂತೆ ಮೊದಲೇ ಹುಣಸೆಹುಳಿ ಸುರಿದು ಬಟಾಟೆ ಹಾಕಿದೆ. ಸೂರ್ಯನಿಗೇ ಬೆವರಿಳಿಯುವಷ್ಟು ಬೇಯಿಸಿದೆ. ಆಮೇಲೆ ಸುಗಂಧಿಗೆ ಬಡಿಸಿದೆ. ಒಂದು ತುತ್ತಿಗೇ ಅವಳ ಕಣ್ಣರಳಿತು.

"ಹ್ವಾಯ್, ಇದ್ ನೀವೇ ಮಾಡದ್ದಾ?"

"ಮತ್ಯಾರ್? ಸುಂದರಂಗೆ ಕಲಿಸದ್ದೇ ನಾನ್!"

ಅಷ್ಟರಲ್ಲಿ ಸುಂದರ ಬಾಗಿಲಲ್ಲಿ ನಿಂತ. "ಬಾವ, ನೀವ್ ಸಾರ್ ತಕಂಡ್ ಹೋದ ಮಡಕಿ ಕೊಡಿ, ಅಮ್ಮಂಗೆ ಬೇಕಂಬ್ರ್."

ಸುಗಂಧಿ ಕೈತುತ್ತನ್ನು ಎಲೆಗಿಟ್ಟು ನನ್ನನ್ನೇ ನೋಡಿದಳು. ಒಲೆಯ ಹಿಂದೆ ಅಡಗಿಸಿದ್ದ ನನ್ನ ಸಾರಿನ ಮಡಕೆಯನ್ನು ಎಳೆದು ಅವಳ ಮುಂದಿಟ್ಟೆ.

"ಹುಳಿ ಮೊದ್ಲೇ ಬಿದ್ದ್ ಬಟಾಟಿ ಕಲ್ಲಾಯ್ತ್ ಮಾರಾಯ್ತಿ. ನೀ ಉಂಡದ್ದ್ ಸುಂದರನ್ ಸಾರೇ. ನನ್ನೂ ಒಂದ್ಸಲ ಹೊಗಳ್ಲಿ ಅಂದೇಳಿ ಬೇಡಿ ತಂದೆ."

ಬ್ರಹ್ಮಾವರದ ಮಾತೂ ಸುಳ್ಳೇ. ನನ್ನ ಸಾರಿನ ಪರಿಮಳ ನಮ್ಮ ಅಡುಗೆಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ.