ಪೀಚಸ್ ಹೆಸರಿಗೆ ಬಂದ ಅಂಚೆ

ಮಾರಿಸೋಲ್ ಕಾಗದವನ್ನು ಕೌಂಟರಿನ ಮೇಲಿಟ್ಟು, ಅದರ ಪಕ್ಕದಲ್ಲೇ ಒಂದು ಬಣ್ಣದ ಕಾರ್ಡನ್ನೂ ಇಟ್ಟಳು. "ನಿಮ್ಮ ಕಂದನಿಗೆ ಹನ್ನೊಂದು ತಿಂಗಳು!" ಎಂದಿತ್ತು ಕಾರ್ಡಿನಲ್ಲಿ. ಅವಳ ಮಗು ಹುಟ್ಟುವಾಗಲೇ ಉಸಿರಾಡಿರಲಿಲ್ಲ.

ಹಾಗೋಪನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಫ್ರೆಸ್ನೋದಲ್ಲಿ ಇಪ್ಪತ್ತು ವರ್ಷದಿಂದ ತೊಟ್ಟಿಲು, ಕುಲಾವಿ ಮಾರುತ್ತಿದ್ದವನು ಅವನು. ಬಸುರಿಯಾಗಿದ್ದಾಗ ಅವಳು ಹೆಸರು, ವಿಳಾಸ, ದಿನ ತುಂಬುವ ತಾರೀಕು ಬರೆಸಿದ್ದು ಈ ಅಂಗಡಿಯಲ್ಲೇ. ಆ ವಿವರಗಳನ್ನು ಕಳೆದ ವರ್ಷ ಯಾರ್ಯಾರಿಗೆ ಕೊಟ್ಟಿರಿ, ರಾಜ್ಯದ ಕಾನೂನಿನ ಪ್ರಕಾರ ಮೂವತ್ತು ದಿನದೊಳಗೆ ತಿಳಿಸಿ ಎಂದು ಈಗ ತಂದ ಕಾಗದದಲ್ಲಿ ಕೇಳಿದ್ದಳು.

"ಮೇ ಹನ್ನೆರಡಕ್ಕೆ ವರ್ಷ ತುಂಬಿದ ಕಾರ್ಡ್ ಬರತ್ತೆ," ಎಂದಳು. "ಅದು ನಮ್ಮನೆಗೆ ಬರಬಾರದು. ಅಷ್ಟೇ ನಾನು ಕೇಳೋದು."

ಅವಳು ಹೋದ ಮೇಲೆ ಹಾಗೋಪ್ ಬೆವರೊರೆಸಿಕೊಂಡ. ಬಸುರಿ ಗಿರಾಕಿಗಳ ಪಟ್ಟಿ ಕೊಟ್ಟಿದ್ದು ಪಕ್ಕದ ಬೀದಿಯ ಫೋಟೊ ಸ್ಟುಡಿಯೋದವನಿಗೆ ಮಾತ್ರ, ಅದೂ ಸ್ನೇಹಕ್ಕೆ. ಆ ಒಂದು ಹೆಸರು ಬರೆದು ಕಳಿಸಿದರೆ ಕಾನೂನಿನ ಬಾಯಿ ಮುಚ್ಚುತ್ತದೆ ಎಂದು ವೆಲ್ಡಾಗೆ ಹೇಳಿದ.

ವೆಲ್ಡಾ ಅಂಗಡಿಯ ಕಾಗದಪತ್ರ ನೋಡಿಕೊಳ್ಳುವವಳು, ಅವನಿಗಿಂತ ಹಿರಿಯಳು. ಮನೆಗೆ ಹೋಗಿ ಒಂದು ಬೂಟಿನ ಡಬ್ಬಿ ತಂದಳು. ಹಿಂದೆ ಅಂಚೆಯಲ್ಲಿ ಬೀಜ ಮಾರುವ ಕಂಪನಿಯಲ್ಲಿದ್ದಾಗ ಕಲಿತ ಚಾಳಿ ಅವಳದು: ಪ್ರತಿ ವರ್ಷದ ಪಟ್ಟಿಯಲ್ಲೂ ಒಂದು ಸುಳ್ಳು ಹೆಸರು ಸೇರಿಸುವುದು, ವಿಳಾಸ ಮಾತ್ರ ತನ್ನ ಮನೆಯದು. ಪಟ್ಟಿ ಎಲ್ಲೆಲ್ಲಿ ಅಲೆಯುತ್ತದೋ ಅಲ್ಲಿಂದೆಲ್ಲ ಆ ಹೆಸರಿಗೆ ಅಂಚೆ ಬರುತ್ತದೆ. ಕಳೆದ ವರ್ಷ ಹಾಗೆ ಪಟ್ಟಿಗೆ ಸೇರಿದ ಸುಳ್ಳು ಬಸುರಿ ಅವಳ ಬೆಕ್ಕು ಪೀಚಸ್. ಅದಕ್ಕೆ ಬರೆದಿದ್ದ ದಿನ ತುಂಬುವ ತಾರೀಕೂ ಮೇ ತಿಂಗಳದ್ದೇ. "ಬಾಣಂತನ ಯಾರು ಮಾಡ್ತಾರೆ?" ಎಂದು ಆಗ ಹಾಗೋಪ್ ಹೊಟ್ಟೆ ಹಿಡಿದು ನಕ್ಕಿದ್ದ.

ಈಗ ಡಬ್ಬಿಯಲ್ಲಿ ಪೀಚಸ್ ಹೆಸರಿಗೆ ಬಂದಿದ್ದ ಅಂಚೆಯನ್ನು ಎಣಿಸಿದ. ಹನ್ನೊಂದು ಕಂಪನಿ. ಸ್ಟುಡಿಯೋದವನು ಯಾರಿಗೋ ಕೊಟ್ಟಿದ್ದ, ಅವರು ಇನ್ಯಾರಿಗೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಟ್ಟಿಯ ಗತಿಯೂ ಅದೇ.

"ಕಾನೂನಿಗೆ ಒಂದು ಹೆಸರು ಸಾಕು ಕಣಪ್ಪ," ಎಂದಳು ವೆಲ್ಡಾ. "ಆ ಹುಡುಗಿಗೆ ಸಾಕಾಗಲ್ಲ."

ಹನ್ನೊಂದು ಹೆಸರೂ ಪತ್ರದಲ್ಲಿ ಹೋದವು. ಸಹಿಯ ಕೆಳಗೆ ಹಾಗೋಪ್ ತನ್ನ ಕೈಯಾರೆ "ತಪ್ಪು ನನ್ನದು" ಎಂದು ಬರೆದ. ವೆಲ್ಡಾ ಅಷ್ಟಕ್ಕೆ ಬಿಡಲಿಲ್ಲ. ಒಂದೊಂದೇ ಕಂಪನಿಗೆ ಫೋನು ಹಚ್ಚಿ, ಕಾಯಿಸುವಾಗ ಅವರು ಕೇಳಿಸುವ ಸಂಗೀತವನ್ನೆಲ್ಲ ಕೇಳಿ, ಎಂಟು ವಾರ ಬೇಕು ಎಂದವನನ್ನು ಎಂಟು ಸಲ ಪೀಡಿಸಿ, ಎಲ್ಲ ಕಡೆಯೂ ಎರಡು ಹೆಸರು ತೆಗೆಸಿದಳು: ಮಾರಿಸೋಲಳದು, ಪೀಚಸ್‌ಳದು. ಬೆಕ್ಕಿಗೆ ಬರದಿದ್ದರೆ ಅವಳಿಗೂ ಬರಲಿಕ್ಕಿಲ್ಲ ಎಂಬ ಲೆಕ್ಕ. ಇಂಥವಳನ್ನು ಇಷ್ಟು ವರ್ಷ ಬರೀ ಗುಮಾಸ್ತೆ ಅಂದುಕೊಂಡಿದ್ದೆನಲ್ಲ ಎಂದು ಹಾಗೋಪನಿಗೆ ನಾಚಿಕೆಯಾಯಿತು.

ಮೇ ತಿಂಗಳ ಆ ವಾರವೆಲ್ಲ ಅವಳು ಮಧ್ಯಾಹ್ನ ಅಂಚೆಯವನು ಬರುವ ಹೊತ್ತಿಗೆ ಮನೆಗೆ ಹೋಗಿಬರುತ್ತಿದ್ದಳು. ಹನ್ನೆರಡನೆಯ ತಾರೀಕು ಅವಳು ಮರಳುವುದು ತುಸು ತಡವಾಯಿತು. ಹಾಗೋಪ್ ಒಂದೇ ಕುಲಾವಿಯನ್ನು ಮೂರು ಸಲ ಮಡಚಿಟ್ಟ. ಬಿಸಿಲಲ್ಲಿ ನಡೆದು ಬಂದ ಅವಳ ಮುಖ ಕೆಂಪಾಗಿತ್ತು.

"ಪೀಚಸ್‌ಗೆ ಏನು ಬಂತು?"

"ಏನೂ ಇಲ್ಲ. ಕರೆಂಟ್ ಬಿಲ್ ಬಂದಿದೆ, ಅದು ನನ್ನ ಹೆಸರಿಗೆ."

ಹಾಗೋಪ್ ಎದ್ದು, ತಾನು ಕೂತಿದ್ದ ಕುರ್ಚಿಯನ್ನೇ ಫ್ಯಾನಿನ ಕೆಳಗೆ ಎಳೆದು ಅವಳಿಗೆ ಕೊಟ್ಟ.