ಕುಟ್ಟಾಣಿಯಲ್ಲಿ ಉಳಿದ ಪುಡಿ

ಸರ್ವಮಂಗಳಮ್ಮನ ಮಂಚದ ಹಿಂದಿನ ಗೋಡೆಯ ತುಂಬ ಮಾತ್ರೆಗಳು ಅಂಟಿಕೊಂಡಿದ್ದವು. ಎಂಜಲು ಒಣಗಿ, ಇರುವೆ ಮುತ್ತಿ, ಗುಲಾಬಿ ಬಣ್ಣ ಸುಣ್ಣದ ಮೇಲೆಲ್ಲ ಇಳಿದಿತ್ತು. ಕುಣಿಗಲ್ಲಿನಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಡಾಕ್ಟರು ಬಿ.ಪಿ.ಗೆಂದು ಬರೆದುಕೊಟ್ಟ ಮಾತ್ರೆ ಅವು. ಮುದುಕಿ ಎಲ್ಲರೆದುರು ಬಾಯಿಗೆ ಹಾಕಿಕೊಂಡು ನೀರು ಕುಡಿದ ಹಾಗೆ ಮಾಡುವುದು, ಆಮೇಲೆ ಗೋಡೆ ಕಡೆ ತಿರುಗಿ ಉಗಿಯುವುದು.

ಅದನ್ನು ಕಂಡುಹಿಡಿದವನು ದೊಡ್ಡಮಗ ಷಡಕ್ಷರಿ. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟವನು. ಮಂಡಿಯ ದರದಂತೆ ಮನೆಯಲ್ಲೂ ಅವನು ಹೇಳಿದ್ದೇ ಧಾರಣೆ. ಹಲ್ಲಿಲ್ಲದ ಮುದುಕಿಗೆ ಎಲೆಅಡಿಕೆ ಕುಟ್ಟುವ ಕುಟ್ಟಾಣಿಯಲ್ಲೇ ಮಾತ್ರೆಯನ್ನೂ ಪುಡಿ ಮಾಡಿ ಮುದ್ದೆಗೆ ಕಲಸಿಬಿಡು ಎಂದು ಹೆಂಡತಿ ಬಸವಲಿಂಗಮ್ಮನಿಗೆ ಅಪ್ಪಣೆ ಕೊಟ್ಟ. ಇಷ್ಟು ದಿನ ಉಗಿದು ಕೆಡಿಸಿದ್ದಕ್ಕೆ ಇನ್ನೂ ನಾಲ್ಕು ಸೇರಿಸು ಎಂದ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ, ಸಾರಿಗೆ ಅದ್ದಿ ನುಂಗುತ್ತಾರೆ. ಗೊತ್ತೇ ಆಗುವುದಿಲ್ಲ ಅಂತ ಅವನ ಎಣಿಕೆ.

ಚನ್ನೇಶ ಅಲ್ಲೇ ಪಕ್ಕದಲ್ಲಿ ಉಣ್ಣುತ್ತಿದ್ದ. ಷಡಕ್ಷರಿಯ ತೀರಿಹೋದ ತಮ್ಮನ ಮಗ. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಎಳನೀರಿನ ಟೆಂಪೊ ಓಡಿಸುತ್ತಿದ್ದ. ಅಜ್ಜಿಯ ಮುದ್ದೆಯ ಒಳಗೆ ಗುಲಾಬಿ ಗೆರೆಗಳು ಕಂಡು ಅವನು ತುತ್ತು ಕೆಳಗಿಟ್ಟ. ಇದೇನು ದೊಡ್ಡಮ್ಮ ಎಂದು ಕೇಳಿದ. ಉತ್ತರ ಬಂದದ್ದು ದೊಡ್ಡಪ್ಪನಿಂದ.

"ಸುಮ್ನೆ ತಿನ್ಲಾ. ನೀನೇನ್ ಓದಿ ಡಾಕ್ಟ್ರಾಗಿದೀಯಾ?"

ಮುದುಕಿಗೆ ಕಹಿ ಹತ್ತಿತು. ಉಂಡ ಮೇಲೆ ಜಗಲಿಗೆ ಬಂದು, ಸೊಸೆ ಏನೋ ಹಾಕವ್ಳೆ ಎಂದು ಪಕ್ಕದ ಮನೆಯ ಕದರಮ್ಮನಿಗೆ ಕೇಳುವಂತೆ ಕೂಗಿದಳು. ಸ್ವಲ್ಪ ಹೊತ್ತಿಗೆಲ್ಲ ಕೂತಲ್ಲೇ ವಾಲಿದಳು. ಮುಖ ಕೆಂಪಗೆ, ಕಣ್ಣು ಮೇಲಕ್ಕೆ, ಸೀರೆಯೆಲ್ಲ ಒದ್ದೆ.

ಟೆಂಪೊದ ಹಿಂದೆ ಚಾಪೆ ಹಾಸಿ ಮಲಗಿಸಿದರು. ಬಸವಲಿಂಗಮ್ಮ ಅತ್ತೆಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ತುಮಕೂರಿನ ದಾರಿಯುದ್ದಕ್ಕೂ ಷಡಕ್ಷರಿ ಮುಂದೆ ಕೂತು ಹೇಳಿದ್ದು ಒಂದೇ ಮಾತು: ಐದು ಮಾತ್ರೆ ಕುಟ್ಟಿ ಹಾಕಿಸಿದ್ದು ನಾನೇ, ಆದರೂ ಬಿಸಿಲು ಹೊಡೀತು ಅನ್ನಬೇಕು, ಮುದ್ದೆಯ ಸುದ್ದಿ ಎತ್ತಬಾರದು. ಸೊಸೆ ಅತ್ತೆಗೆ ಊಟದಲ್ಲಿ ವಿಷದ ಕೈಮದ್ದು ಹಾಕಿದಳಂತೆ ಎಂದು ಒಂದು ಸಲ ಹಬ್ಬಿದರೆ ಆ ಮನೆಯಲ್ಲಿ ಯಾರೂ ತೊಟ್ಟು ನೀರೂ ಮುಟ್ಟುವುದಿಲ್ಲ. ಅವನ ಮಗಳಿಗೆ ಮದುವೆ ಸಂಬಂಧ ಬೇರೆ ಕುದುರುತ್ತಿತ್ತು. ಹಿಂದೆ ಹೆತ್ತ ತಾಯಿ ಸಾಯುತ್ತಿದ್ದರೆ ಮುಂದೆ ಮಗ ಮಾನ ಕಾಯುತ್ತಿದ್ದ. ಟೆಂಪೊ ಓಡಿಸುತ್ತಿದ್ದ ಚನ್ನೇಶ ಕಿಟಕಿಯಾಚೆ ಉಗಿದ.

ಆಸ್ಪತ್ರೆಯಲ್ಲಿ ಡಾಕ್ಟರ್ ರೂಪಶ್ರೀ ಬಾಟಲಿಯ ಮೇಲೆ ಬಾಟಲಿ ಸಲೈನ್ ಏರಿಸಿದರು. ಬಿ.ಪಿ. ಮೇಲೇಳಲಿಲ್ಲ. ಅವರು ಮುದುಕಿಯ ಪಾದ ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. ಬಿ.ಪಿ. ಇಷ್ಟು ಬಿದ್ದವರ ಕೈಕಾಲು ತಣ್ಣಗಿರಬೇಕು, ಇವರದು ಬೆಚ್ಚಗಿದೆ, ಏನು ಕೊಟ್ಟಿದ್ದೀರಿ ಎಂದು ಕೇಳಿದರು.

"ಶಿವನಾಣೆ ಏನೂ ಕೊಟ್ಟಿಲ್ಲ ಮೇಡಂ," ಎಂದ ಷಡಕ್ಷರಿ. ಹಣೆಯ ವಿಭೂತಿ ಒಂಚೂರೂ ಅಲುಗಿರಲಿಲ್ಲ.

ಆ ಹಣೆ ನೋಡಿ ಚನ್ನೇಶನಿಗೆ ಮೈಯೆಲ್ಲ ಹೇಸಿಗೆ ಹರಿದಂತಾಯಿತು. ಗೋಡೆಗೆ ಅಂಟಿದ್ದ ಎಂಜಲು ಮಾತ್ರೆಯೇ ಇದಕ್ಕಿಂತ ವಾಸಿ.

"ಸುಳ್ಳು ಮೇಡಂ. ಬಿ.ಪಿ. ಮಾತ್ರೆ ಕುಟ್ಟಿ ಮುದ್ದೇಲಿ ಕೊಟ್ಟವ್ರೆ. ಒಂದಲ್ಲ, ಐದು."

ಯಾವ ಮಾತ್ರೆ ಎಂದು ಡಾಕ್ಟರು ಕೂಗಿದರು. ಷಡಕ್ಷರಿ ತಮ್ಮನ ಮಗನ ಮೇಲೆ ಹಗೆಯವರಿಗೂ ಬೈಯದ ಬೈಗುಳ ತೆಗೆದ. ಆಗ ಬಸವಲಿಂಗಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಮುಂದೆ ಹಿಡಿದಳು. ಗುಬ್ಬಿಯಿಂದ ಅದು ಅಲ್ಲೇ ಇತ್ತು, ಅತ್ತೆಯ ತಲೆಯ ಪಕ್ಕದಲ್ಲೇ.

ಡಾಕ್ಟರು ಅದರ ಮೇಲಿನ ಹೆಸರು ಓದಿದವರೇ ಕ್ಯಾಲ್ಸಿಯಂ ಇಂಜೆಕ್ಷನ್ ತರಿಸಿ ನಿಧಾನವಾಗಿ ನರಕ್ಕೆ ಬಿಟ್ಟರು. ಇನ್ನೂ ಏನೇನೋ ಏರಿಸಿದರು. ಸಂಜೆ ಹೊತ್ತಿಗೆ ಮುದುಕಿ ನೀರು ಕೇಳಿದಳು.

ಮೂಳೆಗೆ ಹಾಕುವ ಕ್ಯಾಲ್ಸಿಯಂ ಇವಳಿಗೇಕೆ ಎಂದು ಚನ್ನೇಶ ಕೇಳಿದಾಗ ಡಾಕ್ಟರು ಬಾಗಿಲಿಗೊರಗಿ ವಿವರಿಸಿದರು. ರಕ್ತನಾಳದ ಗೋಡೆಯಲ್ಲಿ ನಮ್ಮ ಮಾತು ಕೇಳದೆ ತಾನೇ ದುಡಿಯುವ ಸ್ನಾಯು ಇದೆ. ಅದರ ಒಂದೊಂದು ಜೀವಕಣಕ್ಕೂ ತೆಳು ಪೊರೆ, ಆ ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲು. ಕ್ಯಾಲ್ಸಿಯಂ ಒಳಗೆ ನುಗ್ಗಿದರೆ ಸ್ನಾಯು ಬಿಗಿಯುತ್ತದೆ. ಬಿಗಿದದ್ದು ಸಡಿಲವಾಗಲು ಕಣವೇ ಅದನ್ನು ಪಂಪಿನಂತೆ ಎತ್ತಿ ಹೊರಗೆ ಹಾಕುತ್ತದೆ, ಒಂದಿಷ್ಟನ್ನು ತನ್ನ ಒಳಚೀಲದಲ್ಲಿ ತುಂಬಿಡುತ್ತದೆ. ಈ ಮಾತ್ರೆ ಬಾಗಿಲನ್ನು ಅಡ್ಡಗಟ್ಟುತ್ತದೆ. ದಿನವಿಡೀ ಸ್ವಲ್ಪಸ್ವಲ್ಪವೇ ಕರಗಲಿ ಅಂತ ಮಾಡಿದ ಮಾತ್ರೆ.

"ನೀವು ಕುಟ್ಟಿ ಹೆಚ್ಚುಕಮ್ಮಿ ಎಲ್ಲಾ ಬಾಗ್ಲನ್ನೂ ಒಟ್ಟಿಗೆ ಮುಚ್ಚಿಬಿಟ್ರಿ. ನಾಳ ಎಲ್ಲಾ ಜೋತುಬಿತ್ತು. ಅದಕ್ಕೇ ಹೊರಗಡೆ ಕ್ಯಾಲ್ಸಿಯಂ ಜಾಸ್ತಿ ಮಾಡಿ, ತೆರೆದಿರೋ ಬಾಗ್ಲಲ್ಲಾದ್ರೂ ನುಗ್ಲಿ ಅಂತ ತಳ್ಳಿದ್ದು. ಇನ್ನೂ ಸ್ವಲ್ಪ ಹೊತ್ತು ನೀವು ಬಾಯಿ ಮುಚ್ಕೊಂಡಿದ್ರೆ ಕಷ್ಟ ಇತ್ತು."

ಸರ್ವಮಂಗಳಮ್ಮ ಮನೆಗೆ ಬಂದಳು. ನೋಡಲು ಬಂದವರಿಗೆಲ್ಲ ಷಡಕ್ಷರಿ ಜಗಲಿಯಲ್ಲಿ ಕೂತು ಬಿಸಿಲಿನ ಕತೆ ಹೇಳುತ್ತಿದ್ದ. ಕುಟ್ಟಾಣಿಯನ್ನು ತಿಪ್ಪೆಗೆ ಎಸೆದಿದ್ದ. ಸೊಸೆ ಕೊಟ್ಟದ್ದನ್ನು ಮುದುಕಿ ಮೂಸಿ ನೋಡಿ ತಳ್ಳುತ್ತಿದ್ದಳು. ಬಸವಲಿಂಗಮ್ಮ ಅಡಿಗೆಮನೆ ಬಿಟ್ಟು ಈಚೆ ಬರುತ್ತಿರಲಿಲ್ಲ.

ಚನ್ನೇಶ ತಿಪ್ಪೆ ಕೆದಕಿ ಕುಟ್ಟಾಣಿ ಎತ್ತಿದ. ಸಗಣಿಯ ಕೆಳಗೆ, ಅದರ ತಳದಲ್ಲಿ, ಗುಲಾಬಿ ಪುಡಿ ಇನ್ನೂ ಹತ್ತಿಕೊಂಡಿತ್ತು. ತೊಳೆಯದೆ ಹಾಗೇ ತಂದು ಜಗಲಿಯ ಮೇಲೆ ನೆಂಟರ ನಡುವೆ ಇಟ್ಟ. ಆಮೇಲೆ ಅಜ್ಜಿಯ ತಟ್ಟೆಯನ್ನೂ ಅಲ್ಲಿಗೇ ತಂದು, ಡಾಕ್ಟರು ಹೊಸದಾಗಿ ಕೊಟ್ಟ ಮಾತ್ರೆಯನ್ನು ಅವಳ ಕಣ್ಣಿಗೆ ಹಿಡಿದು, ಎಲ್ಲರೂ ನೋಡುವಂತೆ ತುತ್ತಿನೊಳಗೆ ಇಟ್ಟ.

"ಇಡೀ ಮಾತ್ರೆ ಐತೆ ಕಣಜ್ಜಿ, ನೋಡ್ಕೊಂಡು ನುಂಗು. ಅವತ್ತು ಕುಟ್ಟಿ ಹಾಕು ಅಂದಿದ್ದು ನಿನ್ ಮಗ. ದೊಡ್ಡಮ್ಮಂದೇನೂ ಇಲ್ಲ."

ಬಿಸಿಲಿನ ಕತೆ ಅರ್ಧಕ್ಕೇ ನಿಂತಿತು. ಷಡಕ್ಷರಿ ಕುಟ್ಟಾಣಿಯಿಂದ ಕಾಲು ಹಿಂದಕ್ಕೆ ಎಳೆದುಕೊಂಡ. ಮುದುಕಿ ಮಗನ ಮುಖವನ್ನೇ ನೋಡುತ್ತ ತುತ್ತು ನುಂಗಿದಳು. ಆಮೇಲೆ ಒಳಗೆ ತಿರುಗಿ, ಗಂಟಲು ಹಿಡೀತು, ಸಾರು ತಗೊಂಡ್ ಬಾರೇ ಎಂದು ಸೊಸೆಯನ್ನು ಕರೆದಳು.