ಬ್ಲೇಡಿಗೆ ತಪ್ಪಿಸಿಕೊಂಡ ಉಸಿರು

ಮೂವತ್ತು ವರ್ಷ ನನ್ನ ಕೆಲಸ ಉಸಿರು ಕತ್ತರಿಸುವುದು. ಗಾಬರಿಯಾಗಬೇಡಿ, ಕೊಲೆಗಾರ್ತಿಯಲ್ಲ, ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಟೇಪ್ ಎಡಿಟರ್. ಹಾಡುವವರು ಉಸಿರೆಳೆದುಕೊಳ್ಳುವ ಸದ್ದು ಹಾಡಿನಲ್ಲಿ ಕೇಳಿಸಲೇಬಾರದು ಎಂಬುದು ಆಗಿನ ಕಟ್ಟಪ್ಪಣೆ. ಸದ್ದು ಬಂದ ಜಾಗಕ್ಕೆ ಬಿಳಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಆ ತುಂಡು ತೆಗೆದು, ಅಷ್ಟೇ ಉದ್ದದ ಖಾಲಿ ಟೇಪ್ ಅಂಟಿಸಬೇಕು.

ನನ್ನ ಅಣ್ಣನ ಮಗಳಿಗೆ ಹುಟ್ಟಿನಿಂದ ಉಬ್ಬಸ. ಉಸಿರೆಳೆದರೆ ಎದೆಯಲ್ಲಿ ಸಿಳ್ಳೆ. ಮನೆಯಲ್ಲಿ ಎಲ್ಲರೂ ಪೀಪಿ ಎನ್ನುತ್ತಿದ್ದೆವು. ಆ ಹೆಸರೇ ಮುಂದೆ ಗೋಡೆಗೋಡೆಯ ಪೋಸ್ಟರಿನಲ್ಲೂ ಆಳೆತ್ತರ ಬರುತ್ತದೆಂದು ಯಾರು ಕಂಡಿದ್ದರು? ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಹಾಡಿದ ಮೊದಲ ಹಾಡು ನನ್ನ ಮೇಜಿಗೇ ಬಂತು. ಇಪ್ಪತ್ತಮೂರು ಉಸಿರಿದ್ದವು, ಇಪ್ಪತ್ತೆರಡು ತೆಗೆದೆ. ಎರಡನೇ ಚರಣಕ್ಕೆ ಮುಂಚಿನ ಗುರುತನ್ನು ನನ್ನ ತೋಳೇ ಒರೆಸಿಬಿಟ್ಟಿತ್ತು. ಗೊತ್ತಾಗುವಷ್ಟರಲ್ಲಿ ರೆಕಾರ್ಡು ಅಂಗಡಿ ಸೇರಿತ್ತು.

"ಏನ್ರೀ ಇದು? ಹಾಡಾ, ಸೈಕಲ್ಲಿಗೆ ಗಾಳಿ ಹೊಡೀತಿರೋದಾ?" ಎಂದು ಮ್ಯಾನೇಜರ್ ಎಗರಾಡಿದರು.

ಪೀಪಿಯ ಕ್ಷಮೆ ಕೇಳಲು ಹೋದರೆ ಅವಳು ಕುಣಿಯುತ್ತಿದ್ದಳು. "ಅತ್ತೆ, ಇಡೀ ಹಾಡಲ್ಲಿ ನಾನಿರೋದು ಅಲ್ಲೊಂದೇ ಕಡೆ. ಮಿಕ್ಕಿದ್ದೆಲ್ಲಾ ಯಾರೋ ಗಟ್ಟಿಮುಟ್ಟಾಗಿರೋಳು ಹಾಡಿದ ಹಾಗಿದೆ. ಇನ್ಮೇಲೆ ಯಾವುದನ್ನೂ ತೆಗೀಬೇಡ."

ಜನಕ್ಕೆ ಆ ಉಸಿರಿನ ಹುಚ್ಚು ಹಿಡಿಯಿತು. ನಮ್ಮ ಬಸ್ಸಿನ ಡ್ರೈವರ್ ಗೇರು ಹಾಕುವ ಮೊದಲು ಸಿಳ್ಳೆಯುಸಿರು ಎಳೆಯುತ್ತಿದ್ದ. ಮಕ್ಕಳು ಮಗ್ಗಿ ಒಪ್ಪಿಸುವ ಮೊದಲು ಎಳೆಯುತ್ತಿದ್ದರು. ತಾಯಿಯೊಬ್ಬಳು ಕಾಗದ ಬರೆದಿದ್ದಳು: ಉಬ್ಬಸದ ಮಗಳನ್ನು ತರಗತಿಯಲ್ಲಿ ಅಣಕಿಸುತ್ತಿದ್ದರಂತೆ, ಈಗ 'ಹೇಗೆ ಮಾಡ್ತೀಯ, ಹೇಳಿಕೊಡು' ಎಂದು ಸಾಲು ನಿಲ್ಲುತ್ತಾರಂತೆ. ಅದನ್ನು ಓದಿ ನಾವಿಬ್ಬರೂ ಅತ್ತೆವು. ಎಮ್ಮೆಯಂಥ ಎದೆಯಿದ್ದ ಗಾಯಕರೂ ಬಂದು "ಮೇಡಂ, ನಂದೂ ಒಂದು ಉಸಿರು ಉಳಿಸಿ" ಎಂದು ಗೋಗರೆದರು. ಗಾಳಿ ಬಂದಾಗ ತೂರಿಕೊಳ್ಳುವ ನಮ್ಮ ಮ್ಯಾನೇಜರಂತೂ "ಉಸಿರು ಇನ್ನೂ ಜೋರಾಗಿರ್ಲಿ" ಎನ್ನತೊಡಗಿದರು.

ಇಪ್ಪತ್ತು ವರ್ಷ ಹೀಗೆ ನಡೆಯಿತು. ಆಮೇಲೆ ಸೋಂಕು ಹಿಡಿದು ಹಾಳಾದ ಪೀಪಿಯ ಎಡ ಶ್ವಾಸಕೋಶದ ಅರ್ಧವನ್ನು ಡಾಕ್ಟರು ತೆಗೆಯಬೇಕಾಯಿತು. ಎರಡು ವರ್ಷ ಅವಳು ಹಾಡಲಿಲ್ಲ. ಕೊನೆಗೆ ಡಾಕ್ಟರು ಒಂದೇ ಒಂದು ಹಾಡಿಗೆ ಒಪ್ಪಿದರು. ಪೀಪಿ ತನ್ನ ಮೊದಲ ಹಾಡನ್ನೇ ಆರಿಸಿಕೊಂಡಳು. ಕ್ರೀಡಾಂಗಣದ ನಲವತ್ತು ಸಾವಿರ ಟಿಕೆಟ್ಟುಗಳು ಒಂದೇ ಬೆಳಿಗ್ಗೆ ಖಾಲಿಯಾದವು.

"ಹಳೇ ಟೇಪ್ ಹಾಕಿಬಿಡೋಣ, ಅವರು ತುಟಿ ಆಡಿಸಿದ್ರೆ ಸಾಕು," ಎಂದರು ಮ್ಯಾನೇಜರ್.

ಪೀಪಿ ನನ್ನ ಕಡೆ ತಿರುಗಿದಳು. "ಅತ್ತೆ, ಟೇಪ್ ಹಾಕಿದ್ಯೋ, ನಾನು ಅಲ್ಲೇ ವೇದಿಕೆಯಿಂದ ಇಳಿದು ಹೋಗ್ತೀನಿ. ಮತ್ತೆ ಯಾವತ್ತೂ ಹತ್ತಲ್ಲ."

ಹೂಂ ಎಂದೆ. ಆದರೂ ಆ ಸಂಜೆ ವೇದಿಕೆಯ ಪಕ್ಕದಲ್ಲಿ ಟೇಪನ್ನು ಯಂತ್ರಕ್ಕೆ ಏರಿಸಿ, ಗುಂಡಿಯ ಮೇಲೆ ಬೆರಳಿಟ್ಟೇ ಕೂತೆ. ನಾನು ಪುಕ್ಕಲಿ. ಎತ್ತಿ ಆಡಿಸಿದ ಮಗು ಅಷ್ಟು ಜನರೆದುರು ಸೋಲುವುದನ್ನು ನೋಡಲು ನನ್ನಿಂದಾಗದು.

ಮೊದಲ ಚರಣ ದಾಟಿತು. ದನಿ ತಗ್ಗಿತ್ತು, ಒರಟಾಗಿತ್ತು, ಆದರೆ ಅವಳದೇ. ಎರಡನೇ ಚರಣಕ್ಕೆ ಮುಂಚೆ ಉಸಿರೆಳೆಯಲು ಹೋದಳು. ಬರಲಿಲ್ಲ. ಮತ್ತೆ ಎಳೆದಳು. ಬರಲಿಲ್ಲ. ವಾದ್ಯದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಬೆರಳು ಗುಂಡಿಯನ್ನು ಒತ್ತತೊಡಗಿತ್ತು.

ಆಗ ನಲವತ್ತು ಸಾವಿರ ಜನ ಒಟ್ಟಿಗೆ ಉಸಿರೆಳೆದರು. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಬ್ಲೇಡಿಗೆ ತಪ್ಪಿಸಿಕೊಂಡ ಅದೇ ಉಸಿರು, ಸಿಳ್ಳೆಯ ಸಮೇತ. ಪೀಪಿ ತಲೆಯೆತ್ತಿ ನೋಡಿದಳು, ನಕ್ಕಳು. ನಗುವಿನ ಹಿಂದೆಯೇ ಉಸಿರು ಬಂತು. ಎರಡನೇ ಚರಣವನ್ನು ಎಂಥಾ ಠೀವಿಯಿಂದ ಎತ್ತಿಕೊಂಡಳೆಂದರೆ, ನಾನು ಗುಂಡಿ ಬಿಟ್ಟು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ. ಯಂತ್ರದಿಂದ ಟೇಪ್ ಯಾವಾಗ ಕಿತ್ತೆಸೆದೆನೋ ನೆನಪಿಲ್ಲ.

ಮರುದಿನ ಆ ಹಾಡಿನ ರೆಕಾರ್ಡಿಂಗ್ ನನ್ನ ಮೇಜಿಗೆ ಬಂತು. ಬಿಡುಗಡೆ ಮಾಡಬೇಕಿತ್ತು.

"ಮಧ್ಯೆ ಹಾಡು ನಿಂತು ಜನರ ಸದ್ದು ಬಂದಿದೆಯಲ್ಲ ಮೇಡಂ," ಎಂದರು ಮ್ಯಾನೇಜರ್. "ಅಷ್ಟು ತೆಗೀಬೇಕಲ್ವಾ?"

"ಅದನ್ನ ಮುಟ್ಟಿದ್ರೆ ನಿಮ್ಮ ಬೆರಳು ತೆಗೀತೀನಿ," ಎಂದೆ.

ಬಾಗಿಲಲ್ಲಿ ನಿಂತಿದ್ದ ಪೀಪಿ ಹೊಟ್ಟೆ ಹಿಡಿದು ನಕ್ಕಳು, ಸಿಳ್ಳೆ ಬರುವ ತನಕ.